ಯಾರೂ ಕುರ್ಚಿ ಅಲ್ಲಾಡಿಸ್ಬೇಡಿ

ಥಂಡರ್ ಬೇ
ಫೆಬ್ರವರಿ 8

ಪ್ರೀತಿಯ ಒರೆಸ್ಟ್,

ಮೊದಲು ಸುದ್ದಿ, ಆಮೇಲೆ ಜಗಳ.

ನಮ್ಮ ರೇಡಿಯೋ ನಿಲಯ ಜೂನ್ ಕೊನೆಗೆ ಹೊಸ ಕಟ್ಟಡಕ್ಕೆ ಹೋಗುತ್ತದೆ. ಮೇಲಿನ ಮಹಡಿಯ ನಮ್ಮ ಸ್ಟುಡಿಯೋಗೆ ಯಾರೋ ಹಲ್ಲಿನ ಡಾಕ್ಟರು ಬರುತ್ತಾರಂತೆ. ಇಪ್ಪತ್ತೇಳು ವರ್ಷ ನಾನು ಜನರ ಬಾಯಿ ಬಿಡಿಸಿದ ಜಾಗದಲ್ಲಿ ಇನ್ನು ಅವನು ಬಿಡಿಸುತ್ತಾನೆ. ಖಾಲಿ ಮಾಡುವ ಮುಂಚೆ ನಮ್ಮ ಹಳೆಯ ಕಾರ್ಯಕ್ರಮ 'ಶನಿವಾರದ ಕಾಫಿ'ಯ ಕೊನೆಯ ಒಂದು ಕಂತು ಮಾಡಿಕೊಡಿ ಎಂದು ನಿಲಯದವರು ಕೇಳಿದ್ದಾರೆ. ನಡುಬೇಸಿಗೆಯ ಯುಹಾನ್ನುಸ್ ಹಬ್ಬದ ಶನಿವಾರ ಬೆಳಗ್ಗೆ ಪ್ರಸಾರ, ಸಂಜೆ ಕೆರೆಯ ದಂಡೆಯಲ್ಲಿ ಬೆಂಕಿ ಹಾಕುವುದು ಇದ್ದೇ ಇದೆ.

ಒಪ್ಪಿಕೊಂಡೆ. ಆದರೆ ಒಂದು ಷರತ್ತು ಹಾಕಿದ್ದೇನೆ. ಆ ದಿನದ ಅತಿಥಿ ನೀನು. ನೀನೊಬ್ಬನೇ.

ಅಷ್ಟು ವರ್ಷ ನೀನು ಸ್ಟುಡಿಯೋ ಗಾಜಿನ ಆ ಕಡೆ ರೆಕಾರ್ಡಿಂಗ್ ಯಂತ್ರದ ಮುಂದೆ ಕೂತು ಊರಿನವರ ಧ್ವನಿಯನ್ನೆಲ್ಲ ಒರೆಸಿ, ಕತ್ತರಿಸಿ, ಚಂದ ಮಾಡಿ ಕಳಿಸಿದೆ. ನಿನ್ನ ಧ್ವನಿ ಮಾತ್ರ ಒಂದು ದಿನವೂ ಪ್ರಸಾರವಾಗಲಿಲ್ಲ. ಊರಿಗೆ ಒರೆಸ್ಟ್ ಮೆಲ್ನಿಕ್ ಎಂದರೆ ಕೊನೆಯಲ್ಲಿ ನಾನು ಓದುತ್ತಿದ್ದ ಒಂದು ಹೆಸರು, ಅಷ್ಟೇ. ಆ ಕಟ್ಟಡದಲ್ಲಿ ಎಲ್ಲರಿಗಿಂತ ಒಳ್ಳೆಯ ಧ್ವನಿ ಯಾರದೆಂದು ನನಗೊಬ್ಬಳಿಗೇ ಗೊತ್ತು. ಅದನ್ನು ಒಂದು ಸಲವಾದರೂ ಜನ ಕೇಳಬೇಕು. ಇದು ನನಗೆ ಹಟ ಎಂದುಕೋ, ಋಣ ಎಂದುಕೋ.

ಈಗ ಜಗಳ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ನಿನ್ನ ಮಗಳು ಹಾಲ್ಯಾ ಎತ್ತಿ "ಅಪ್ಪ ಹೊರಗ್ ಹೋಗಿದಾರೆ ಆಂಟಿ" ಅನ್ನುತ್ತಾಳೆ. ಎರಡು ವರ್ಷದಿಂದ ಇದೇ ಪಾಠ. ಮುದುಕ ದಿನವಿಡೀ ಹೊರಗೆ ಏನು ಮಾಡುತ್ತಾನೆ? ನೀನು ಕಾಗದವೇ ಬೇಕೆಂದೆ, ಇದೊಂದು ಶೋಕಿ ಇರಲಿ ಎಂದು ನಾನೂ ಅಂಚೆಚೀಟಿ ಅಂಟಿಸುತ್ತಾ ಬಂದೆ. ಇನ್ನು ಆಗುವುದಿಲ್ಲ. ನಿಲಯದವರು ನನಗೊಂದು ಟ್ಯಾಬ್ಲೆಟ್ ಕೊಟ್ಟಿದ್ದಾರೆ, ಬ್ರೆಡ್ ಕತ್ತರಿಸುವ ಹಲಗೆಯಷ್ಟಿದೆ. ಅಂಗಡಿಯಲ್ಲಿರುವುದರಲ್ಲೆಲ್ಲ ಹೆಚ್ಚು ಶಕ್ತಿಯದ್ದು ಇದೇ ಅಂತೆ. ವಿಡಿಯೋ ಕರೆಯಲ್ಲಿ ನೀನು ಅಲ್ಲಿಂದ ಮಾತಾಡು, ನಾನು ಇಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಯಾವ ಭಾನುವಾರ ಆದೀತು ಬರೆ.

ನಿನ್ನ
ತೈಮಿ


ವಿಕ್ಟೋರಿಯಾ
ಫೆಬ್ರವರಿ 19

ಪ್ರೀತಿಯ ತೈಮಿ,

ಹಲ್ಲಿನ ಡಾಕ್ಟರಿಗೆ ಒಂದು ಮಾತು ಹೇಳಿಬಿಡು. ಬಂದರಿಗೆ ಹೋಗುವ ಗೂಡ್ಸು ರೈಲು ಹಾಯುವಾಗ ಆ ಕೋಣೆಯ ಎಡಗೋಡೆ ನಡುಗುತ್ತದೆ. ಆ ಹೊತ್ತಿಗೆ ಕೈಯಲ್ಲಿ ಡ್ರಿಲ್ ಇಟ್ಟುಕೊಳ್ಳಬಾರದು.

ನಿನ್ನ ಟ್ಯಾಬ್ಲೆಟ್ ಉಪಾಯ ನಡೆಯುವುದಿಲ್ಲ. ನನ್ನ ಹತ್ತಿರವೂ ಅದೇ ಇದೆ, ಹಾಲ್ಯಾ ಕೊಡಿಸಿದಳು. ಮೊಮ್ಮಗಳು ಲೆಸ್ಯಾಗೆ ಈಗ ನಾಲ್ಕು ವರ್ಷ. ಅವಳು ಅದರ ಮೇಲೆ ಕುದುರೆ ಬರೆಯುತ್ತಾಳೆ, ಐದು ಕಾಲಿನದು. ನಾನು ಅದನ್ನು ದಿನವಿಡೀ ಬಳಸುತ್ತೇನೆ, ಆದ್ದರಿಂದ ಅದರ ಗುಣ ಚೆನ್ನಾಗಿ ಗೊತ್ತು. ಕರೆ ಬಂತೆಂದರೆ ಮೈಕು ಕರೆಯ ಪಾಲು. ರೆಕಾರ್ಡರು ಮೂಲೆಯಲ್ಲಿ ಕೈಕಟ್ಟಿ ನಿಂತುಬಿಡುತ್ತದೆ. ನೀನು ಪರದೆಯಲ್ಲಿ ಬೇರೆ ಕಿಟಕಿಗೆ ಹೋದರೆ ಹಿಂದಿನದು ನಿದ್ದೆ ಹೋಗುತ್ತದೆ. ಯಂತ್ರಕ್ಕೆ ಶಕ್ತಿಯಿಲ್ಲವೆಂದಲ್ಲ. ಒಳಗಿರುವ ಚಿಪ್ ದೊಡ್ಡ ಕಂಪ್ಯೂಟರಿನಲ್ಲಿರುವುದೇ. ಅದರಲ್ಲಿ ನಮ್ಮಂಥ ಹತ್ತು ನಿಲಯ ನಡೆಸಬಹುದು. ಬಿಡದಿರುವುದು ತಂತ್ರಾಂಶ. ರೈಲಿನ ಎಂಜಿನ್ನಿಗೆ ಒಂದು ತಳ್ಳುಗಾಡಿ ಕಟ್ಟಿ, ಇದಕ್ಕಿಂತ ಹೆಚ್ಚು ಎಳೆಯಬೇಡ ಎಂದು ಹೇಳಿದ ಹಾಗಿದೆ.

ಆದ್ದರಿಂದ ಬೇರೆ ಅತಿಥಿಯನ್ನು ನೋಡಿಕೋ. ನಾನು ಗಾಜಿನ ಆ ಕಡೆಯವನು, ಅಲ್ಲಿಯೇ ಚೆನ್ನಾಗಿದ್ದೇನೆ.

ಇಲ್ಲಿ ಆಗಲೇ ಹೂ ಬಿಟ್ಟಿವೆ. ನಾಚಿಕೆಯಿಲ್ಲದ ಊರು. ಫೆಬ್ರವರಿಯಲ್ಲಿ ಹೂ ಯಾರಿಗೆ ಬೇಕು?

ಒರೆಸ್ಟ್


ಥಂಡರ್ ಬೇ
ಮಾರ್ಚ್ 4

ಒರೆಸ್ಟ್,

ನೀನು ಆಗುವುದಿಲ್ಲ ಎಂದ ಕೂಡಲೇ ಮಾಡಿಯೇ ನೋಡಬೇಕು ಅನ್ನಿಸಿತು. ಸಡ್ಬರಿಯಲ್ಲಿರುವ ತಂಗಿ ಹೆಲ್ಮಿಗೆ ಕರೆ ಮಾಡಿದೆ. ರೆಕಾರ್ಡರಿನ ಕೆಂಪು ಗುಂಡಿ ಒತ್ತಿ, ಕರೆ ತೆರೆದು, ಅಮ್ಮನ ಸೌನಾ ಹಬೆಮನೆಯ ಕತೆಗಳನ್ನೆಲ್ಲ ಕೇಳಿದೆ. ಹೆಲ್ಮಿ ನಗಿಸಿದಳು, ಅಳಿಸಿದಳು. ಕಾಫಿ ಎರಡು ಸಲ ಆರಿತು. ಇಂಥ ಸಂದರ್ಶನ ಹತ್ತು ವರ್ಷದಿಂದ ಮಾಡಿರಲಿಲ್ಲ.

ಆಮೇಲೆ ಕೇಳಿಸಿಕೊಂಡರೆ ಏನಿದೆ ಗೊತ್ತಾ? "ಹೆಲ್ಮಿ, ಕೇಳಿಸ್ತಿದ್ಯಾ?" ಅಷ್ಟೇ. ಅವಳು ಕರೆ ಎತ್ತಿದ ಗಳಿಗೆಯಲ್ಲೇ ರೆಕಾರ್ಡರು ನಿಂತಿದೆ.

"ಸದ್ದು ಅಳೆಯೋ ಮುಳ್ಳು ನೋಡ್ಲಿಲ್ವೇನೇ ನೀನು?" ಎಂದು ಹೆಲ್ಮಿ ಬೈದಳು. ನಾನು ಯಾವತ್ತು ಮುಳ್ಳು ನೋಡಿದ್ದೇನೆ ಹೇಳು? ಮುಳ್ಳು ನೋಡುವುದು ನಿನ್ನ ಕೆಲಸ. ನಿಜ ಹೇಳುತ್ತೇನೆ, ಮಾತಿನ ನಡುವೆ ಎರಡು ಮೂರು ಸಲ ತಲೆಯೆತ್ತಿ ನೋಡಿದೆ, ನಿನ್ನ ಕೈಸನ್ನೆ ಕಾಣುತ್ತದೇನೋ ಎಂದು. ಎದುರಿಗೆ ಫ್ರಿಜ್ಜಿತ್ತು.

ಇಷ್ಟಾದರೂ ನಾನು ಟ್ಯಾಬ್ಲೆಟ್ಟಿನ ಪರವೇ. ಒಂದು ಸಲಕ್ಕೆ ಒಂದೇ ಕೆಲಸ ಮಾಡು ಅನ್ನುತ್ತದೆ, ಅದರಲ್ಲೇನು ತಪ್ಪು? ಮೊದಲ ದಿನ ನೀನು ನನಗೆ ಹೇಳಿದ್ದೂ ಇದೇ ಅಲ್ಲವೇ. ನಾನು ಆಗ ಹೊಸಬಳು. ಕಾಡಿನ ಶಿಬಿರದಲ್ಲಿ ಅಡುಗೆ ಮಾಡುತ್ತಿದ್ದ ಕೊಸ್ಕೆಲಾ ಅಜ್ಜಿಯನ್ನು ಮಾತಾಡಿಸುತ್ತಾ ಕಾಫಿ ಕಲಕುತ್ತಿದ್ದೆ. ಗಾಜಿನ ಆಚೆಯಿಂದ ನಿನ್ನ ಧ್ವನಿ ಬಂತು: "ಅಮ್ಮಾ ತಾಯಿ, ಒಂದೋ ಮಾತಾಡಿ, ಇಲ್ಲಾ ಕಾಫಿ ಕಲಕಿ. ಎರಡೂ ಮಾಡಿದ್ರೆ ಎರಡೂ ಕೆಡುತ್ತೆ." ನನಗೆ ಸಿಟ್ಟು ಬರಬೇಕಿತ್ತು. ಆದರೆ ಇಂಥ ಧ್ವನಿಯಲ್ಲಿ ಬೈಸಿಕೊಂಡರೂ ಪರವಾಗಿಲ್ಲ ಅನ್ನಿಸಿತು.

ಆಮೇಲೆ ಎಲ್ಲ ಮುಗಿದು ಅಜ್ಜಿ ಎದ್ದು ಹೊರಡಬೇಕು, ನೀನು ಬಿಡಲಿಲ್ಲ. ಪ್ರತಿ ಸಲದ ಹಾಗೆ ಅರ್ಧ ನಿಮಿಷ ಎಲ್ಲರನ್ನೂ ಸುಮ್ಮನೆ ಕೂರಿಸಿ ಖಾಲಿ ಕೋಣೆಯ ಸದ್ದನ್ನು ತುಂಬಿಕೊಂಡೆ. ಮಾತು ಕತ್ತರಿಸಿದ ಕಡೆ ತೇಪೆ ಹಾಕಲು ಅದು ಬೇಕಲ್ಲ. "ಮಾತಾಡೋದಕ್ಕೆ ಕರ್ದಿದ್ರಿ ಅಂದ್ಕೊಂಡೆ, ಸುಮ್ನಿರೋದಕ್ಕೂ ಕರೀತಾರಾ?" ಎಂದು ಅಜ್ಜಿ ಕೇಳಿದ್ದು, ಅಷ್ಟರಲ್ಲಿ ಅವಳ ಹೊಟ್ಟೆ ಗುರುಗುಟ್ಟಿದ್ದು, ನೀನು ಇನ್ನೊಂದು ಸಲ ಮಾಡಿಸಿದ್ದು. ನೆನಪಿದೆಯಾ?

ಯೋಚನೆ ಮಾಡು. ನಿನ್ನನ್ನು ಬಿಟ್ಟು ಕಂತು ಮಾಡುವುದಿಲ್ಲ.

ತೈಮಿ


ವಿಕ್ಟೋರಿಯಾ
ಮಾರ್ಚ್ 16

ತೈಮಿ,

ನೆನಪಿಲ್ಲದೆ ಏನು. ಆ ಹೊಟ್ಟೆಯ ಸದ್ದನ್ನು ಬಿಸಾಡಲು ಮನಸ್ಸು ಬರಲಿಲ್ಲ. ಆಮೇಲೆ ಗುಡುಗು ಬೇಕಾದಾಗ ಒಂದು ಸಲ ಬಳಸಿಕೊಂಡೆ. ನಿನಗೆ ಹೇಳಿರಲಿಲ್ಲ.

ಆದರೆ ಒಂದು ಸಲಕ್ಕೆ ಒಂದೇ ಕೆಲಸ ಸಾಕು ಎಂದು ನೀನು ಹೇಳಬೇಡ. ನಿನಗೆ ಒಂದು ಸಾಕಾಯಿತು, ಏಕೆಂದರೆ ಉಳಿದದ್ದನ್ನೆಲ್ಲ ನಾನು ಮಾಡುತ್ತಿದ್ದೆ. ಬಿರುಗಾಳಿಗೆ ಸಿಕ್ಕಿ ಬಂದ ಗೋಧಿ ಹಡಗಿನವರ ಕಂತು ಮಾಡಿದೆವಲ್ಲ, ಆ ದಿನ ನನ್ನ ಮುಂದೆ ಮೂರು ಟೇಪ್ ಯಂತ್ರ ಒಟ್ಟಿಗೆ ತಿರುಗುತ್ತಿದ್ದವು. ಒಂದರಲ್ಲಿ ನಾವಿಕನ ಮಾತು, ಒಂದರಲ್ಲಿ ನಾನು ಬಂದರಿನಲ್ಲಿ ನಿಂತು ಹಿಡಿದ ಗಾಳಿ, ಮೂರನೆಯದು ಎರಡನ್ನೂ ನುಂಗುತ್ತಿತ್ತು. ಎಡಗೈ ಗಾಳಿಯ ಮೇಲೆ, ಬಲಗೈ ಮಾತಿನ ಮೇಲೆ, ಮೊಣಕೈಯಲ್ಲಿ ಬಾಗಿಲು. ಹಲ್ಲಿನಲ್ಲಿ ಕಚ್ಚಿಕೊಂಡ ಟೇಪಿನ ತುಂಡು. ಅದರ ನಡುವೆ ನೀನು ಗಾಜಿನ ಆಚೆಯಿಂದ ಸನ್ನೆ ಮಾಡಿ ಬನ್ನು ಬೇಕಾ ಅಂತ ಕೇಳುತ್ತಿದ್ದೆ. ಹೌದು ಎಂದು ತಲೆಯಾಡಿಸಿದೆ. ಅದು ಐದನೆಯ ಕೆಲಸ.

ಆ ಯಂತ್ರಗಳ ತಲೆಯಲ್ಲಿ ಏನೂ ಇರಲಿಲ್ಲ. ಮೋಟಾರು, ಬೆಲ್ಟು, ಅಷ್ಟೇ. ಆದರೆ ಮೂರೂ ಒಟ್ಟಿಗೆ ಓಡು ಎಂದರೆ ಓಡುತ್ತಿದ್ದವು. ಈಗಿನದ್ದು ಇಡೀ ಸಿನಿಮಾ ಕತ್ತರಿಸಬಲ್ಲದು. ಆದರೆ ಒಂದು ಬಾಯಿ ತೆರೆದರೆ ಇನ್ನೊಂದು ಬಾಯಿ ಮುಚ್ಚಿಸುತ್ತದೆ. ಬ್ಯಾಟರಿ ಉಳಿಯಬೇಕು, ಬಿಸಿಯಾಗಬಾರದು, ಜನಕ್ಕೆ ಗಲಿಬಿಲಿಯಾಗಬಾರದು ಎಂದು ಸಮಜಾಯಿಷಿ ಕೊಡುತ್ತಾರೆ. ಇರಬಹುದು. ಹೆಚ್ಚಿನವರಿಗೆ ಅದೇ ಸರಿಯೂ ಇರಬಹುದು. ಆದರೆ ಮನುಷ್ಯ ಕೇಳಿಸಿಕೊಳ್ಳುತ್ತಲೂ ಇರಬೇಕು, ಹೇಳುತ್ತಲೂ ಇರಬೇಕು. ಈ ಎರಡು ಒಟ್ಟಿಗೆ ಆಗದಿದ್ದರೆ ಇಷ್ಟು ಶಕ್ತಿ ಯಾರಿಗೆ ಬೇಕು? ಯಾರ ಉದ್ಧಾರಕ್ಕೆ?

ಸಿಟ್ಟಿನಲ್ಲಿ ಬರೆದೆ. ಹರಿದು ಹಾಕೋಣ ಎಂದುಕೊಂಡೆ, ಆದರೆ ಇನ್ನೊಂದು ಬರೆಯಲು ಸೋಮಾರಿತನ.

ಒರೆಸ್ಟ್


ಥಂಡರ್ ಬೇ
ಏಪ್ರಿಲ್ 7

ಪ್ರೀತಿಯ ಒರೆಸ್ಟ್,

ಅಯ್ಯೋ ಮಾರಾಯ, ಒಂದು ಹಲಗೆಯ ಮೇಲೆ ಇಷ್ಟು ಕೋಪವೇ! ನಿನ್ನ ಕಾಗದವನ್ನು ಎರಡು ಸಲ ಓದಿದೆ. ನಿನ್ನ ಬೈಗುಳ ಯಾವಾಗಲೂ ಕೇಳಲು ಚೆಂದ, ಓದುವಾಗಲೂ ನಿನ್ನ ಧ್ವನಿಯಲ್ಲೇ ಕೇಳಿಸುತ್ತದೆ.

ಈಗ ಕೇಳು. ಟ್ಯಾಬ್ಲೆಟ್ಟಿಗೆ ಹೊಸ ತಂತ್ರಾಂಶ ಬಂದಿದೆ. ಪಕ್ಕದ ಮನೆಯ ಕೈಸಾ ಹಾಕಿಕೊಟ್ಟಳು. "ಈಗ ಕರೇಲಿರೋವಾಗ್ಲೇ ರೆಕಾರ್ಡ್ ಆಗುತ್ತೆ ತೈಮಿ. ಬೇಕಾದ್ರೆ ಪಕ್ಕದಲ್ಲಿ ನಿಮ್ ಪ್ರಶ್ನೆಗಳ ಕಿಟಕೀನೂ ಇಟ್ಕೊಳ್ಳಿ" ಎಂದಳು. ಹೆಲ್ಮಿಯ ಜೊತೆ ಪರೀಕ್ಷೆ ಮಾಡಿದೆ. ಈ ಸಲ ಮುಳ್ಳು ನೋಡಿದೆ. ಇಬ್ಬರ ಮಾತೂ ಬಂದಿದೆ, ಗಾಜಿನಷ್ಟು ಸ್ವಚ್ಛ.

ನಿನ್ನ ನೆಪ ಮುಗಿಯಿತು. ಏಪ್ರಿಲ್ 27ರ ಭಾನುವಾರ, ನಿನ್ನ ಗಡಿಯಾರದಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಕರೆ ಮಾಡುತ್ತೇನೆ. ಹಾಲ್ಯಾಳಿಗೂ ಹೇಳಿದ್ದೇನೆ. ಎತ್ತದಿದ್ದರೆ ವಿಮಾನ ಹತ್ತಿ ಬಂದು ನಿನ್ನ ಬಾಗಿಲಲ್ಲಿ ಕೂರುತ್ತೇನೆ, ಸುಮ್ಮನೆ ಹೆದರಿಸುತ್ತಿಲ್ಲ.

ನಿನ್ನ
ತೈಮಿ


ಥಂಡರ್ ಬೇ
ಏಪ್ರಿಲ್ 28

ಒರೆಸ್ಟ್,

ನೀನು ಹೇಳಿದ್ದೇ ಸರಿ. ಈ ತಂತ್ರಾಂಶಕ್ಕೆ ಬೆಂಕಿ ಬೀಳಲಿ.

ನಿನ್ನ ಮುಖ ನೋಡಿ ಎಷ್ಟು ಖುಷಿಯಾಯಿತು ಗೊತ್ತಾ? ಬಡಕಲಾಗಿದ್ದೀಯ. ವಿಕ್ಟೋರಿಯಾದ ಬಿಸಿಲಿನಲ್ಲಿ ಕುತ್ತಿಗೆಗೆ ಶಾಲು ಸುತ್ತಿಕೊಂಡು ಕೂತಿದ್ದೀಯಲ್ಲ, ನಮ್ಮೂರಿನ ಚಳಿಯಲ್ಲಿ ಕೋಟಿನ ಗುಂಡಿ ಹಾಕದೆ ಓಡಾಡಿದವನು! ಆದರೆ ನಿನ್ನ ಧ್ವನಿಯೇ ಬರಲಿಲ್ಲ. "ಒರೆಸ್ಟ್, ಮ್ಯೂಟ್ ತೆಗಿಯೋ! ಕೆಳಗಡೆ ಮೈಕಿನ ಚಿತ್ರ ಇದೆ ನೋಡು, ಒತ್ತು!" ಎಂದು ಕಿರುಚಿ ಕಿರುಚಿ ನನ್ನ ಗಂಟಲು ಬಿತ್ತು. ನೀನು ಏನೇನೋ ಒತ್ತಿದೆ, ತಲೆಯಾಡಿಸಿದೆ. ಕೊನೆಗೆ ನಮ್ಮ ಹಳೆಯ ಸನ್ನೆ ಮಾಡಿದೆ, ಕೈಯನ್ನು ಗಾಳಿಯಲ್ಲಿ ಸುತ್ತಿಸಿ, ಮುಂದುವರಿಸು ಎಂದು. ಸರಿ, ನಿನಗಾದರೂ ಕೇಳಿಸುತ್ತಿದೆಯಲ್ಲ ಎಂದು ನಾನೇ ಹರಟಿದೆ, ಪ್ರಶ್ನೆ ಕೇಳಿ ನೀನು ಉತ್ತರ ಕೊಟ್ಟ ಹಾಗೆ ಸ್ವಲ್ಪ ಹೊತ್ತು ಬಿಟ್ಟು ಮುಂದಿನದು ಕೇಳಿದೆ. ನೀನು ನಗುತ್ತಿದ್ದೆ. ಒಂದು ಸಲ ಕಣ್ಣು ಒರೆಸಿಕೊಂಡೆ, ನಗುವಿಗೇ ಇರಬೇಕು.

ನಿನ್ನ ಮೈಕು ಕೆಟ್ಟಿದೆ, ಅಂಗಡಿಗೆ ಕೊಡು. ಇನ್ನೊಂದು ಸಲ ಮಾಡೋಣ.

ತೈಮಿ


ವಿಕ್ಟೋರಿಯಾ
ಮೇ 6

ತೈಮಿ,

ಹೌದು, ಮೈಕು ಕೆಟ್ಟಿದೆ. ರಿಪೇರಿಗೆ ಕೊಡುವಂಥದ್ದಲ್ಲ. ನಿನ್ನನ್ನು ನೋಡಿದ್ದು ಸಂತೋಷವಾಯಿತು. ಬಳೆ ಇನ್ನೂ ಹಾಕಿಕೊಳ್ಳುತ್ತೀಯ.

ಬೇರೆ ಅತಿಥಿಯನ್ನು ನೋಡಿಕೋ, ದಯವಿಟ್ಟು.

ಒರೆಸ್ಟ್


ಥಂಡರ್ ಬೇ
ಮೇ 15

ಒರೆಸ್ಟ್,

ನಿನ್ನ ಪುಟ್ಟ ಕಾಗದ ಬಂದ ದಿನ ಏನೋ ಸರಿಯಿಲ್ಲ ಅನ್ನಿಸಿತು. ದಯವಿಟ್ಟು ಎಂಬ ಪದವನ್ನು ನೀನು ನನಗೆ ಯಾವತ್ತೂ ಬಳಸಿದವನಲ್ಲ. ಆ ಭಾನುವಾರದ ರೆಕಾರ್ಡಿಂಗ್ ಅಳಿಸಿರಲಿಲ್ಲ. ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿಕೊಂಡು ಕೂತು ಕೇಳಿದೆ.

ಒಂದು ಪ್ರಶ್ನೆ, ಆಮೇಲೆ ಖಾಲಿ. ಇನ್ನೊಂದು ಪ್ರಶ್ನೆ, ಆಮೇಲೆ ಖಾಲಿ. ನನ್ನ ಧ್ವನಿ ನನಗೇ ಬೇಸರವಾಯಿತು. ಆಗ ಆ ಖಾಲಿ ಜಾಗಗಳನ್ನು ಕೇಳತೊಡಗಿದೆ. ನಿಮ್ಮ ಮನೆಯ ಫ್ರಿಜ್ಜು ಗುಂಯ್‌ಗುಡುತ್ತದೆ. ಕಡಲಹಕ್ಕಿ ಎರಡು ಸಲ ಕೂಗಿದೆ. ಯಾರೋ ಮೇಜಿನ ಮೇಲೆ ಬೆರಳು ಬಡಿಯುತ್ತಾರೆ, ನೀನು ರೀಲು ಮುಗಿಯುವುದನ್ನು ಕಾಯುವಾಗ ಬಡಿಯುತ್ತಿದ್ದ ಹಾಗೆಯೇ. ಮತ್ತೆ ಉಸಿರು. ಆದರೆ ನನಗೆ ಗೊತ್ತಿರುವ ಉಸಿರಲ್ಲ.

ನೀನೇ ಕಲಿಸಿದ್ದು. ಒಂದು ಸಲ ನಾನು ಮೈಕು ಸತ್ತಿದೆ ಎಂದಾಗ ಬಂದು ನನ್ನ ಕಿವಿಗೆ ಹೆಡ್‌ಫೋನು ಹಾಕಿ ಹೇಳಿದೆ: "ಸತ್ತ ಮೈಕಿಗೆ ಏನೂ ಕೇಳ್ಸಲ್ಲ, ಬಾವಿ ಥರ ಇರುತ್ತೆ. ಇದು ಕೋಣೆ ಕಣೇ. ಕೋಣೆ ಜೀವಂತ ಇದೆ, ಯಾರೂ ಮಾತಾಡ್ತಿಲ್ಲ ಅಷ್ಟೆ."

ನಿನ್ನ ಮೈಕು ಕೆಟ್ಟಿರಲಿಲ್ಲ ಒರೆಸ್ಟ್. ನೀನು ಮಾತಾಡುತ್ತಿರಲಿಲ್ಲ.

ಏನಾಗಿದೆ? ಬರೆ. ಹೆದರಿದ್ದೇನೆ.

ತೈಮಿ


ವಿಕ್ಟೋರಿಯಾ
ಮೇ 25

ಪ್ರೀತಿಯ ತೈಮಿ,

ಒಳ್ಳೆಯ ಕಿವಿ. ಇಪ್ಪತ್ತೇಳು ವರ್ಷ ನನ್ನ ಕಿವಿಯೊಂದೇ ಕೆಲಸ ಮಾಡುತ್ತಿದೆ ಎಂದುಕೊಂಡಿದ್ದೆ.

ಗಂಟಲಿನಲ್ಲಿ ಕ್ಯಾನ್ಸರಾಗಿತ್ತು. ಎರಡು ವರ್ಷದ ಹಿಂದೆ ಶರತ್ಕಾಲದಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಹುಷಾರಾಗಿದ್ದೇನೆ, ಅದಕ್ಕೆ ಹೆದರಬೇಡ. ಉಸಿರು ಕುತ್ತಿಗೆಯಲ್ಲಿರುವ ತೂತಿನಿಂದ ಹೋಗಿ ಬರುತ್ತದೆ. ಶಾಲು ಅದಕ್ಕೇ. ಧ್ವನಿ ಇಲ್ಲ. ಪಿಸುಮಾತೂ ಇಲ್ಲ.

ಮಾತಾಡುವುದು ಟ್ಯಾಬ್ಲೆಟ್ಟಿನಿಂದ. ನಾನು ಬರೆಯುತ್ತೇನೆ, ಅದು ಓದುತ್ತದೆ. ರೈಲು ಎಷ್ಟನೇ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಹೇಳುವವನ ಧ್ವನಿ. ಆ ಧ್ವನಿಯಲ್ಲಿ ಉಪ್ಪು ಕೇಳುತ್ತೇನೆ, ಲೆಸ್ಯಾಗೆ ಮುದ್ದು ಮಾಡುತ್ತೇನೆ. ಅವಳ ಫೋಟೋ ನೋಡೋಣವೆಂದು ಬೇರೆ ಕಿಟಕಿ ತೆರೆದರೆ ನನ್ನ ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ. ಹಾಡು ಹಾಕಿಕೊಂಡರೆ ನಾನು ಮೂಕ, ನಾನು ಮಾತಾಡಿದರೆ ಹಾಡು ಮೂಕ. ಮಾರ್ಚ್ ತಿಂಗಳಲ್ಲಿ ನಾನು ಬೈದದ್ದು ಸುಮ್ಮನೆ ನೆಪಕ್ಕಾಗಿ ಎಂದು ನೀನು ತಿಳಿಯಬಾರದು. ನೆಪವೂ ಹೌದು, ಆದರೆ ಅದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ.

ಆ ಭಾನುವಾರ ಹೇಳಿಬಿಡೋಣ ಎಂದೇ ಕೂತಿದ್ದೆ. "ತೈಮಿ, ಇದು ನಾನೇ, ಧ್ವನಿ ಮಾತ್ರ ಬೇರೆಯವರದ್ದು" ಎಂದು ಬರೆದಿಟ್ಟುಕೊಂಡಿದ್ದೆ. ನಿನ್ನ ಮುಖ ಬಂತು, ಗುಂಡಿ ಒತ್ತಿದೆ, ಏನೂ ಬರಲಿಲ್ಲ. ಹೊಸ ತಂತ್ರಾಂಶದಲ್ಲಿ ಕರೆಯ ನಡುವೆ ರೆಕಾರ್ಡರಿಗೆ ಬಾಗಿಲು ತೆರೆದಿದ್ದಾರೆ, ನಾನು ಬರೆದದ್ದನ್ನು ಓದುವ ಧ್ವನಿಗೆ ತೆರೆದಿಲ್ಲ. ಬೇರೆ ಫೋನಿನಿಂದ ಮಾಡಬಹುದಿತ್ತು, ಚೀಟಿಯ ಮೇಲೆ ಬರೆದು ತೋರಿಸಬಹುದಿತ್ತು. ನನಗೆ ಗೊತ್ತಿಲ್ಲವೇ? ಆದರೆ ಸದ್ದು ಬರದೆ ಹೋದಾಗ ಒಳಗೊಳಗೆ ಬದುಕಿದೆ ಅನ್ನಿಸಿತು. ಮುಂದುವರಿಸು ಎಂದು ಸನ್ನೆ ಮಾಡಿದೆ. ನೀನು ಮಾತಾಡುತ್ತಾ ಇದ್ದೆ, ನಾನು ಕೇಳುತ್ತಾ ಇದ್ದೆ, ಮೊದಲಿನ ಹಾಗೆಯೇ ಇತ್ತು.

ಯಾಕೆ ಮುಚ್ಚಿಟ್ಟೆ ಎಂದರೆ, ನೀನು ನನ್ನ ಕಾಗದವನ್ನು ನನ್ನ ಧ್ವನಿಯಲ್ಲೇ ಓದುತ್ತೀಯ. ಏಪ್ರಿಲಿನಲ್ಲಿ ನೀನೇ ಬರೆದೆ. ನನ್ನ ಧ್ವನಿ ಇನ್ನೂ ಇರುವುದು ಅದೊಂದೇ ಕಡೆ, ತೈಮಿ, ನಿನ್ನ ತಲೆಯಲ್ಲಿ. ಲೆಸ್ಯಾ ಆಗ ಇನ್ನೂ ಎರಡು ವರ್ಷದ ಮಗು, ಅವಳಿಗೆ ನೆನಪಿಲ್ಲ. ಹಾಲ್ಯಾಳ ಹತ್ತಿರ ಫೋಟೋ ಇವೆ, ಯಾವುದರಲ್ಲೂ ನಾನು ಮಾತಾಡಿಲ್ಲ. ನಾನು ಎಲ್ಲರ ಧ್ವನಿ ಹಿಡಿದಿಟ್ಟವನು, ನನ್ನದನ್ನು ಹಿಡಿಯುವುದು ಹೊಳೆಯಲೇ ಇಲ್ಲ. ಆ ರೈಲಿನವನ ಧ್ವನಿಯನ್ನು ನಿನಗೆ ಕೇಳಿಸಿ, ಇದ್ದ ಒಂದು ಜಾಗವನ್ನೂ ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ಈಗ ಗೊತ್ತಾಯಿತಲ್ಲ. ಬೇರೆ ಅತಿಥಿಯನ್ನು ನೋಡಿಕೋ.

ನಿನ್ನ
ಒರೆಸ್ಟ್


ಥಂಡರ್ ಬೇ
ಜೂನ್ 4

ಒರೆಸ್ಟ್,

ಒಂದು ದಿನ ಪೂರ್ತಿ ಸಿಟ್ಟು ಮಾಡಿಕೊಂಡೆ. ಕೈಸಾಳ ಮೇಲೆ ಕೂಗಾಡಿದೆ, ಪಾಪ, ಅವಳದೇನು ತಪ್ಪು? ಆಮೇಲೆ ಅತ್ತೆ. ಟ್ಯಾಬ್ಲೆಟ್ಟಿನ ಪರ ವಾದ ಮಾಡಿದ್ದೆನಲ್ಲ, ಒಂದು ಸಲಕ್ಕೆ ಒಂದೇ ಸಾಕು ಎಂದು! ನಾಲಿಗೆ ಕಚ್ಚಿಕೊಂಡೆ. ಅಷ್ಟು ಸಾಕು, ಇನ್ನು ಕನಿಕರದ ಮಾತು ಬರೆಯುವುದಿಲ್ಲ, ನಿನಗೆ ಹಿಡಿಸುವುದೂ ಇಲ್ಲ.

ನಿನ್ನೆ ಸ್ಟುಡಿಯೋ ಖಾಲಿ ಮಾಡುವವರ ಜೊತೆ ಹೋಗಿದ್ದೆ. ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಒಂದು ರಟ್ಟಿನ ಡಬ್ಬ. ಮೇಲೆ ನಿನ್ನ ಅಕ್ಷರದಲ್ಲಿ, "ಕೋಣೆ. ಬಿಸಾಡಬೇಡಿ." ಕೆಲಸದವನು ಕೇಳಿದ, "ಇದ್ರಲ್ಲೇನಿದೆ ಮೇಡಂ?" "ಏನೂ ಇಲ್ಲಪ್ಪ, ಬರೀ ಮೌನ" ಎಂದೆ. ಅವನು ನನ್ನನ್ನೇ ಒಂದು ಥರ ನೋಡಿದ.

ಕೊನೆಯ ಟೇಪ್ ಯಂತ್ರವನ್ನು ಇನ್ನೂ ಸಾಗಿಸಿರಲಿಲ್ಲ. ನೀನು ತೋರಿಸಿಕೊಟ್ಟ ಹಾಗೆ ರೀಲು ಏರಿಸಿ, ಟೇಪನ್ನು ಚಕ್ರಗಳ ನಡುವೆ ಹಾಯಿಸಿದೆ. ಕೈ ಮರೆತಿರಲಿಲ್ಲ. ನಮ್ಮ ಹಳೆಯ ಕೋಣೆಯ ಸದ್ದು ಕೇಳಿ ಸ್ವಲ್ಪ ಹೊತ್ತು ಕೂತು ಹೋಗೋಣ ಎಂದುಕೊಂಡಿದ್ದೆ, ಅಷ್ಟೇ.

ಗುಂಡಿ ಒತ್ತಿದೆ. ನೀನು ಮಾತಾಡಿದೆ.

"ಯಾರೂ ಕುರ್ಚಿ ಅಲ್ಲಾಡಿಸ್ಬೇಡಿ. ತೈಮಿ, ಬಳೆ ತೆಗಿ. ಅರ್ಧ ನಿಮಿಷ ಕೋಣೆ ಮಾತಾಡ್ಲಿ, ನಾವ್ ಕೇಳೋಣ."

ಎಲ್ಲ ರೀಲಿನಲ್ಲೂ ಇದೇ, ಒರೆಸ್ಟ್. ಪ್ರತಿ ಮೌನಕ್ಕೂ ಮುಂಚೆ ನೀನು. ಒಮ್ಮೆ ನೆಗಡಿಯಾಗಿದೆ. ಒಮ್ಮೆ ಬಾಯಲ್ಲಿ ಬನ್ನಿದೆ. ಒಂದರಲ್ಲಿ ಹಾಲ್ಯಾ ಹುಟ್ಟಿದ ಮಾರನೆಯ ದಿನವಿರಬೇಕು, "ಯಾರೂ ಅಲ್ಲಾಡ್ಬೇಡಿ, ನನ್ಗೆ ಮಗಳು ಹುಟ್ಟಿದಾಳೆ" ಅಂದಿದ್ದೀಯ, ಅರ್ಧ ನಿಮಿಷದ ಮೌನದಲ್ಲಿ ಯಾರೋ ತಡೆಯಲಾರದೆ ನಕ್ಕಿದ್ದಾರೆ. ನಾನೇ. ನೀನು ಮೌನವನ್ನಷ್ಟೇ ಬಳಸಿಕೊಂಡು ನಿನ್ನ ಮಾತನ್ನು ಕತ್ತರಿಸಿ ಹಾಕುತ್ತಿದ್ದೆ ಎಂದು ನಾನು ಅಂದುಕೊಂಡಿದ್ದೆ. ಮೂಲ ರೀಲುಗಳಲ್ಲಿ ಹಾಗೆಯೇ ಉಳಿಸಿದ್ದೀಯ, ನಿನಗೇ ಮರೆತಿದೆ.

ನೆಲದ ಮೇಲೆ ಕೂತು ಎಲ್ಲವನ್ನೂ ಕೇಳಿದೆ. ಕಟ್ಟಡದವನು ಬೀಗ ಹಾಕಲು ಬಂದವನು ನನ್ನನ್ನು ನೋಡಿ ವಾಪಸು ಹೋದ.

ಆದ್ದರಿಂದ ಅತಿಥಿ ಸಿಕ್ಕಿದ್ದಾನೆ. ಬದಲಾಯಿಸುವುದಿಲ್ಲ. ನಿನ್ನಿಂದ ಒಂದೇ ಒಂದು ಬೇಕು. ನಿನ್ನ ಟ್ಯಾಬ್ಲೆಟ್ಟಿನಲ್ಲಿ ಉಳಿದದ್ದನ್ನೆಲ್ಲ ಮುಚ್ಚಿ, ರೆಕಾರ್ಡರು ಮಾತ್ರ ತೆರೆದು, ನಿನ್ನ ಅಡುಗೆಮನೆಯ ಅರ್ಧ ನಿಮಿಷ ಹಿಡಿದು ಕಳಿಸು. ಫ್ರಿಜ್ಜು, ಹಕ್ಕಿ, ನಿನ್ನ ಈಗಿನ ಉಸಿರು, ಎಲ್ಲ ಇರಲಿ. ಒಂದು ಸಲಕ್ಕೆ ಒಂದೇ ಕೆಲಸ. ಅಷ್ಟು ಮಾಡುತ್ತದಲ್ಲ ಆ ಹಲಗೆ?

ನಿನ್ನ
ತೈಮಿ


ವಿಕ್ಟೋರಿಯಾ
ಜೂನ್ 22

ಪ್ರೀತಿಯ ತೈಮಿ,

ನಿನ್ನೆ ಪ್ರಸಾರ ಶುರುವಾದಾಗ ನಿನಗೆ ಅಲ್ಲಿ ಬೆಳಗಿನ ಕಾಫಿಯ ಹೊತ್ತು, ನಮಗೆ ಇಲ್ಲಿ ಆಗತಾನೆ ಬೆಳಕು. ಹಾಲ್ಯಾ ಎದ್ದಿರಲಿಲ್ಲ. ನಾನು ಅಡುಗೆಮನೆಯ ಮೇಜಿನ ಮೇಲೆ ಟ್ಯಾಬ್ಲೆಟ್ ನಿಲ್ಲಿಸಿಕೊಂಡು ನಿಲಯದ ಪ್ರಸಾರ ಹಾಕಿದೆ. ಲೆಸ್ಯಾ ಪಕ್ಕದ ಕುರ್ಚಿ ಹತ್ತಿ ಕೂತು, ಬ್ರೆಡ್ ತಿನ್ನುತ್ತಾ, ಕಾಲಾಡಿಸುತ್ತಾ, ಕುರ್ಚಿಯನ್ನು ಕಿರುಗುಟ್ಟಿಸುತ್ತಿದ್ದಳು.

ನೀನು ಚೆನ್ನಾಗಿ ಮಾಡಿದೆ. ಹಡಗಿನ ಕಂತಿನ ತುಣುಕು ಹಾಕಿದಾಗ ನನ್ನ ಕೈ ತಾನಾಗಿ ಮೇಜಿನ ಮೇಲೆ ಗಾಳಿಯನ್ನು ತಗ್ಗಿಸಲು ಹೋಯಿತು. ಕೊಸ್ಕೆಲಾ ಅಜ್ಜಿಯ ಹೊಟ್ಟೆಯ ಗುಡುಗನ್ನು ಎಲ್ಲಿಂದ ಹುಡುಕಿ ತೆಗೆದೆ ಮಾರಾಯ್ತಿ? ನಕ್ಕು ನಕ್ಕು ಕುತ್ತಿಗೆಯ ತೂತಿನಲ್ಲಿ ಉಸಿರು ಸೀಟಿ ಹೊಡೆಯಿತು, ಲೆಸ್ಯಾಗೂ ನಗು ಬಂತು. ನನ್ನ ಅಡುಗೆಮನೆಯ ಅರ್ಧ ನಿಮಿಷವನ್ನು ಕೊನೆಗೆ ಇಡುತ್ತೀಯ ಎಂದು ಗೊತ್ತಿತ್ತು. ಅದಕ್ಕೆ ಮುಂಚೆ ಏನು ಬರುತ್ತದೆಂದೂ ಗೊತ್ತಿತ್ತು. ಗೊತ್ತಿದ್ದರೂ ಸದ್ದು ಇನ್ನಷ್ಟು ಏರಿಸಿದೆ.

"ಯಾರೂ ಕುರ್ಚಿ ಅಲ್ಲಾಡಿಸ್ಬೇಡಿ."

ಲೆಸ್ಯಾಳ ಕಾಲು ತಟ್ಟನೆ ನಿಂತಿತು. ಕಣ್ಣು ದೊಡ್ಡದು ಮಾಡಿ ಟ್ಯಾಬ್ಲೆಟ್ಟನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದಳು:

"ದೀದೋ ಅಜ್ಜ, ಯಾರಿದು? ನನ್ಗಾ ಹೇಳ್ತಿರೋದು?"

ಉತ್ತರ ಕೊಡಬೇಕೆಂದರೆ ಮಾತಿನ ಕಿಟಕಿ ತೆರೆಯಬೇಕು. ತೆರೆದರೆ ರೇಡಿಯೋ ನಿಲ್ಲುತ್ತದೆ. ಬೆರಳು ಹಲಗೆಯವರೆಗೂ ಹೋಗಿತ್ತು, ತೈಮಿ. ರೇಡಿಯೋದ ಒಳಗಿನಿಂದ ನಾನು ನಿನ್ನ ಬಳೆ ತೆಗೆಸುತ್ತಿದ್ದೆ.

ಆ ಬೆರಳನ್ನು ವಾಪಸು ತಂದು ನನ್ನ ಎದೆಯ ಮೇಲೆ ಇಟ್ಟುಕೊಂಡೆ.

ಅವಳು ಬೆರಳನ್ನು ನೋಡಿದಳು, ಟ್ಯಾಬ್ಲೆಟ್ಟನ್ನು ನೋಡಿದಳು. ಬ್ರೆಡ್ಡನ್ನು ಸದ್ದಾಗದ ಹಾಗೆ ತಟ್ಟೆಗೆ ಇಳಿಸಿದಳು. ಕಾರ್ಯಕ್ರಮ ಮುಗಿಯುವವರೆಗೂ ಕುರ್ಚಿ ಅಲ್ಲಾಡಿಸಲಿಲ್ಲ.

ನಿನ್ನ
ಒರೆಸ್ಟ್